ಬಟ್ಟೆಯದೇ ತಪ್ಪು

ನಮ್ಮ ಅಂಗಡಿಯಲ್ಲಿ ಒಂದು ಮಾತಿದೆ: ಮೈಗೆ ತಪ್ಪಿಲ್ಲ, ತಪ್ಪೇನಿದ್ದರೂ ಬಟ್ಟೆಯದು. ಗಿರಾಕಿ ಹೊಟ್ಟೆ ಬೆಳೆಸಿಕೊಂಡು ಬಂದು, ಹೋದ ವರ್ಷ ಹೊಲಿಸಿದ ಪ್ಯಾಂಟು ಸೊಂಟಕ್ಕೆ ಬರುತ್ತಿಲ್ಲ ಎಂದರೆ, ನೀವು ದಪ್ಪಗಾಗಿದ್ದೀರಿ ಎಂದು ಯಾವ ದರ್ಜಿಯೂ ಹೇಳುವುದಿಲ್ಲ. ಹೇಳಿದರೆ ಅವನ ಹೊಟ್ಟೆಪಾಡಿನ ಗತಿ ಏನು? "ಬಟ್ಟೆ ನೀರಿಗೆ ಕುಗ್ಗಿದೆ ಸಾರ್, ಬಿಡಿಸಿ ಕೊಡ್ತೀವಿ" ಎನ್ನುತ್ತೇವೆ. ಮಾಸ್ಟ್ರು ನನಗೆ ಕತ್ತರಿ ಹಿಡಿಯುವುದಕ್ಕೂ ಮೊದಲು ಕಲಿಸಿದ ಪಾಠ ಇದು. ಹೇಳಿ ಹೇಳಿ ನಮಗೇ ಅದು ನಿಜವಾಗಿಬಿಟ್ಟಿತ್ತು ಅನ್ನಿ.

ಮಾಸ್ಟ್ರು ಎಂದರೆ ಅಂಗಡಿಯ ಮಾಲೀಕರು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅಂಗಡಿಯೆಲ್ಲ ಕನ್ನಡಕ ಹುಡುಕುವ ಪೈಕಿ. ನನ್ನ ನಾಲಿಗೆ ಚುಚ್ಚುತ್ತದೆ ಎಂದು ನನಗೆ ಸೂಜಿ ಎಂದು ಹೆಸರಿಟ್ಟವರು ಅವರೇ. ನನಗೆ ಮಗಳು ಹುಟ್ಟಿದ ದಿನ, "ನಮ್ಮ ಸೂಜಿಗೆ ಗುಂಡಿ ಹುಟ್ಟಿದೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡರಂತೆ. ಮಗುವಿಗೆ ಆ ಹೆಸರೇ ಅಂಟಿಕೊಂಡಿತು. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. "ಗುಂಡಿ ಅಂತೆ ಗುಂಡಿ! ನಾಳೆ ಸ್ಕೂಲಲ್ಲಿ ಮಕ್ಕಳೆಲ್ಲ ಹಳ್ಳ ಅಂತ ಕರೀತಾರೆ, ನೋಡ್ತಿರು" ಎಂದರು. ಹಾಗೆಂದವರು ಸಂಜೆಯ ಹೊತ್ತಿಗೆ ತಾವೇ "ಏನೇ ಗುಂಡಕ್ಕಾ" ಎಂದು ಅವಳ ಹೊಟ್ಟೆಗೆ ಮುಖ ಒತ್ತಿ ನಗಿಸುತ್ತಿದ್ದರು.

ನಮ್ಮದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ನಾನು, ಅತ್ತೆ, ಗುಂಡಿ. ನನ್ನ ಯಜಮಾನರು ಸರಕು ಸಾಗಿಸುವ ಹಡಗಿನಲ್ಲಿ ಅಡುಗೆಯವರು. ಗುಂಡಿ ಹುಟ್ಟಿದಾಗ ಬಂದು, ಮಗುವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು, ಮತ್ತೆ ಸಮುದ್ರಕ್ಕೆ ಹೋದರು. ಫೋನಿನಲ್ಲಿ ನಾನು ಆಡಿದ ಮಾತು ಅವರಿಗೆ ತಲುಪಿ, ಅವರ ಮಾತು ಇಲ್ಲಿಗೆ ಬರುವಷ್ಟರಲ್ಲಿ ನನ್ನ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಬಹುಶಃ ನಮ್ಮ ಸಂಸಾರ ಸುಸೂತ್ರವಾಗಿ ನಡೆದದ್ದೇ ಅದರಿಂದ. ನನಗೆ ತಾಯಿ ಇಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದನ್ನು ನಾನು ಎಂದೋ ಬಿಟ್ಟಿದ್ದೆ. ಬಾಣಂತಿಯಾದ ಮೇಲೆ ಮತ್ತೆ ಶುರುವಾಯಿತು.

ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ, ಗುಂಡಿಯನ್ನು ಸ್ನಾನದ ಟಬ್ಬಿನಿಂದ ಎತ್ತುವಾಗ ಬೆನ್ನಿನ ನಡುವೆ ಏನೋ ಕಳಕ್ ಎಂದಿತು. ಉಸಿರು ಅಲ್ಲೇ ನಿಂತಿತು. ಮಗು ಜಾರದ ಹಾಗೆ ಎದೆಗೆ ಒತ್ತಿಕೊಂಡು, ಬಚ್ಚಲ ಗೋಡೆಗೆ ಒರಗಿ, ಅತ್ತೆಯನ್ನು ಕೂಗಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಸಡಿಲವಾಯಿತು. ಮಗುವನ್ನು ಒರೆಸಿ ಬಟ್ಟೆ ಹಾಕಿ ಹಾಲು ಕೊಡಲು ಕೂತೆ. ಆ ದಿನದಿಂದ ನೋವು ನನ್ನ ಜೊತೆ ಏಳುತ್ತಿತ್ತು, ನನ್ನ ಜೊತೆ ಮಲಗುತ್ತಿತ್ತು.

"ಹೆತ್ತವಳಿಗೆ ನಡು ನೋಯದೆ ಇನ್ನೇನು ಕೊಂಬು ನೋಯುತ್ತಾ?" ಎಂದರು ಅತ್ತೆ. ಐದು ಹೆತ್ತವರು, ಅವರ ಮುಂದೆ ಒಂದು ಹೆತ್ತವಳು ನೋವಿನ ಬಗ್ಗೆ ಮಾತಾಡುವುದುಂಟೇ? ಹಾಗೆಂದು ಅವರು ಕೆಟ್ಟವರಲ್ಲ. ಬಿಸಿನೀರಿನ ಚೀಲ ತಂದು ಬೆನ್ನಿಗಿಟ್ಟವರೂ ಅವರೇ. ಮೂಲೆಮನೆಯ ಕ್ಲಿನಿಕ್ಕಿನ ಡಾಕ್ಟರು ನನ್ನ ಬೆನ್ನನ್ನು ಮುಟ್ಟಲೂ ಇಲ್ಲ. "ಹಾಲು ಕೊಡೋವಾಗ ಬಗ್ಗಿ ಕೂತ್ಕೋತೀರಿ, ಅದಕ್ಕೇ. ನೆಟ್ಟಗೆ ಕೂತ್ಕೊಳ್ಳಿ, ಸರಿಹೋಗಬಹುದು, ಹೋಗದೇನೂ ಇರಬಹುದು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ನೋವಿನ ಮಾತ್ರೆ ಬರೆದುಕೊಟ್ಟರು. ಕೆಳಮನೆಯಾಕೆಗೂ ನೋಯುತ್ತಿತ್ತಂತೆ, ಅವಳ ತಂಗಿಗೂ ನೋಯುತ್ತಿತ್ತಂತೆ. ಯಜಮಾನರು ಫೋನಿನಲ್ಲಿ, "ನಂಗೂ ಇಲ್ಲಿ ನಿಂತೂ ನಿಂತೂ ಸೊಂಟ ಬಿದ್ದೋಗಿದೆ ಕಣೇ" ಎಂದರು. ಇಡೀ ಲೋಕಕ್ಕೆ ಬೆನ್ನುನೋವಿರುವಾಗ ನನ್ನದೇನು ಮಹಾ ಎಂದು ನಾನೂ ಸುಮ್ಮನಾದೆ.

ಮಗುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಅರ್ಧ ದಿನದ ಲೆಕ್ಕದಲ್ಲಿ ಅಂಗಡಿಗೆ ಹೋಗತೊಡಗಿದೆ. ಮೊದಲ ದಿನ ಹೆಗಲಿಗೆ ಪಟ್ಟಿಯಿರುವ ನನ್ನ ಹಳೆಯ ಕಪ್ಪು ಪ್ಯಾಂಟು ಹಾಕಿಕೊಂಡು ಹೋದರೆ, ಅದರ ಅಂಚು ಹಿಮ್ಮಡಿಗೆ ಸಿಕ್ಕಿ ಮುಗ್ಗರಿಸಿದೆ. ನಾನೇ ಹೊಲಿದ ಪ್ಯಾಂಟು, ನನ್ನದೇ ಅಳತೆ. ಕನ್ನಡಿಯ ಮುಂದೆ ನಿಂತು ನೋಡಿದೆ. ಎರಡು ಬೆರಳಿನಷ್ಟು ಉದ್ದ ಇತ್ತು.

"ಮಾಸ್ಟ್ರೇ, ಈ ಬಟ್ಟೆ ಯಾರ ಹತ್ರ ತಂದ್ರಿ? ಜೋತು ಬಿದ್ದಿದೆ ನೋಡಿ."

ಅವರು ಕನ್ನಡಕ ಇಳಿಸಿ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. "ವರ್ಷಗಟ್ಟಲೆ ತೂಗುಹಾಕಿದ್ರೆ ಜೋತು ಬೀಳದೆ ಏನ್ಮಾಡುತ್ತೆ? ಮಡಿಸಿಡ್ಬೇಕು ಅಂತ ನಿಂಗೆ ಎಷ್ಟು ಸಲ ಹೇಳಿಲ್ಲ? ಕೊಡು, ಎತ್ತಿ ಹೊಲ್ಕೊಡ್ತೀನಿ."

"ನನ್ನ ಪ್ಯಾಂಟು ನಾನೇ ಹೊಲ್ಕೋತೀನಿ, ನೀವು ಹೊಲಿದ್ರೆ ಒಂದು ಕಾಲು ಇನ್ನೊಂದನ್ನ ನೋಡಿ ಅಳುತ್ತೆ" ಎಂದೆ. ಇಬ್ಬರೂ ನಕ್ಕೆವು. ನಕ್ಕದ್ದಕ್ಕೆ ಬೆನ್ನಲ್ಲಿ ಚಳುಕು ಹೊಡೆಯಿತು.

ಮರುವಾರ ಉಣ್ಣೆಯ ಕೋಟು ಹಾಕಿಕೊಂಡೆ. ಕೋಟಿನ ಅಂಚೂ ಮೊಣಕಾಲು ದಾಟಿತ್ತು. ಅದನ್ನೂ ಎತ್ತಿ ಹೊಲಿದೆ. ಆಮೇಲೆ ಹೂವಿನ ಉದ್ದ ಫ್ರಾಕು, ಆಮೇಲೆ ಮನೆಯಲ್ಲಿ ತೊಡುವ ನಿಲುವಂಗಿ. ಹತ್ತಿ, ಉಣ್ಣೆ, ನೈಲಾನು, ಎಲ್ಲವೂ ಅಷ್ಟೇ ಅಷ್ಟು ಜೋತು ಬಿದ್ದಿದ್ದವು. ಇಷ್ಟು ವರ್ಷ ಬಟ್ಟೆಯಲ್ಲೇ ಕೈಯಾಡಿಸಿದ ಹೆಂಗಸು ನಾನು. ಹತ್ತಿ ಜೋತು ಬೀಳುವುದೇ ಬೇರೆ, ಉಣ್ಣೆ ಜೋತು ಬೀಳುವುದೇ ಬೇರೆ, ನೈಲಾನು ಸತ್ತರೂ ಜೋತು ಬೀಳುವುದಿಲ್ಲ. ಇದು ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಆದರೂ ಸೂಜಿಗೆ ದಾರ ಪೋಣಿಸಿ, ತಲೆ ಬಗ್ಗಿಸಿ, ಮಾಸ್ಟ್ರ ಎದುರಿಗೇ ಒಂದಾದ ಮೇಲೊಂದು ಅಂಚು ಎತ್ತುತ್ತ ಕೂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನದು ಅದರ ಮುಂದಿನ ಹಂತ. ನಾನು ನೆಲವನ್ನು ರಿಪೇರಿ ಮಾಡಲು ಕೂತಿದ್ದೆ.

ಕಡೆಗೆ ಬಯಲಾದದ್ದು ಒಂದು ಸೀನಿನಿಂದ. ಹೌದು, ಸೀನಿನಿಂದ. ಅಂಗಡಿಯಲ್ಲಿ ಸುತ್ತಿಟ್ಟ ಬಟ್ಟೆಯ ಥಾನು ಬಿಚ್ಚುತ್ತಿದ್ದೆ, ಧೂಳು ಮೂಗಿಗೆ ಹೋಯಿತು, ಸೀನಿದೆ. ಮುಂದಿನದು ನನಗೆ ನೆನಪಿರುವುದು ಕಟಿಂಗ್ ಟೇಬಲ್ಲಿನ ಕೆಳಭಾಗ. ಅಲ್ಲಿ ಯಾರೋ ಯಾವುದೋ ಕಾಲದಲ್ಲಿ ಚೂಯಿಂಗ್ ಗಮ್ ಅಂಟಿಸಿದ್ದರು. ಮಾಸ್ಟ್ರು "ಸೂಜಿ, ಏ ಸೂಜಿ, ಏಳಮ್ಮಾ" ಎನ್ನುತ್ತಿದ್ದರು. ನಾನು "ಮುಟ್ಟಬೇಡಿ, ಮುಟ್ಟಿದ್ರೆ ಸಾಯ್ತೀನಿ" ಎಂದು ಕಿರುಚುತ್ತಿದ್ದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಬೆನ್ನುಮೂಳೆಯ ಮೂರು ಮಣಿ ಕುಸಿದಿದ್ದವು. ಒಂದು ಹೊಸದು, ಎರಡು ಹಳೆಯವು. ಮೂಳೆ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ನಿದ್ದೆಗೆಟ್ಟ ಕಣ್ಣು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ಕೂತುಕೊಂಡರೆ ವಿಷಯ ದೊಡ್ಡದಿದೆ ಎಂದು ನನಗಾಗ ಗೊತ್ತಾಯಿತು.

"ನಿಮ್ಮ ಎತ್ತರ ಎಷ್ಟಿತ್ತು?"

"ಇತ್ತು ಅಂದ್ರೇನು? ಈಗ್ಲೂ ಅಷ್ಟೇ ಇದೆ."

ಅವರು ಜಗಳಕ್ಕೆ ಬರಲಿಲ್ಲ. ಕೆಲವು ದಿನ ಕಳೆದು ನಾನು ನಿಲ್ಲುವಂತಾದಾಗ ನರ್ಸು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದಳು. ನಾನು ಎರಡು ಬೆರಳಿನಷ್ಟು ಗಿಡ್ಡ ಆಗಿದ್ದೆ. "ಇನ್ನೊಂದ್ಸಲ ಅಳೀರಿ, ಟೇಪು ಹಿಡಿಯೋದು ಹೀಗಲ್ಲ" ಎಂದು ಅವಳನ್ನು ಗದರಿದೆ. ಪಾಪದ ಹುಡುಗಿ, ಮತ್ತೆ ಅಳೆದಳು. ಅಷ್ಟೇ ಬಂತು. ಗೋಡೆಗೆ ಆನಿಕೊಂಡು ನಿಂತಲ್ಲೇ ನನ್ನ ಬೀರುವಿನ ಬಟ್ಟೆಗಳೆಲ್ಲ ಒಂದೊಂದಾಗಿ ಕಣ್ಮುಂದೆ ಬಂದವು. ನನಗೆ ನಾಚಿಕೆಯಾಯಿತು, ಆಮೇಲೆ ಕೆಟ್ಟ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಅಳು ಬಂತು.

"ಮಗೂಗೆ ಮೂಳೆ ಎಲ್ಲಿಂದ ಬರ್ಬೇಕು ಹೇಳಿ?" ಎಂದರು ಡಾಕ್ಟರು. "ನಿಮ್ಮಿಂದಾನೇ. ಹೊಟ್ಟೇಲಿದ್ದಾಗ ಒಂದಿಷ್ಟು ತಗೊಳ್ಳುತ್ತೆ, ಹಾಲಲ್ಲಿ ಇನ್ನಷ್ಟು. ಎಲ್ಲಾ ತಾಯಂದಿರ ಮೂಳೇನೂ ಸ್ವಲ್ಪ ತೆಳುವಾಗುತ್ತೆ, ಹಾಲು ಬಿಡಿಸಿದ ಮೇಲೆ ತಾನಾಗೇ ತುಂಬ್ಕೊಳ್ಳುತ್ತೆ. ಎಲ್ಲೋ ಒಬ್ಬೊಬ್ಬರಿಗೆ ಮಾತ್ರ ಇಷ್ಟು ತೆಳುವಾಗಿ ಕುಸಿಯೋದು. ಬಾಣಂತಿ ನಡುನೋವು ಅಂತ ಎಲ್ಲಾರೂ ತಳ್ಳಿಹಾಕಿರ್ತಾರೆ."

ಎಲ್ಲೋ ಒಬ್ಬೊಬ್ಬರಿಗೆ! ಜೀವಮಾನದಲ್ಲಿ ಒಂದು ಲಾಟರಿ ಹೊಡೆಯಲಿಲ್ಲ, ಇದು ಹೊಡೆಯಿತು.

"ನಾನು ಕುಡಿಸಿದ್ದೇ ತಪ್ಪಾಯ್ತಾ ಹಾಗಾದ್ರೆ?"

"ತಪ್ಪು ಅಂತ ಯಾರಂದ್ರು? ನಿಮ್ಮದೂ ತಪ್ಪಲ್ಲ, ಮಗೂದೂ ಅಲ್ಲ. ಆದ್ರೆ ಈಗ ಹಾಲು ನಿಲ್ಲಿಸ್ಬೇಕು. ಮಾತ್ರೆ, ಇಂಜೆಕ್ಷನ್ ಕೊಡ್ತೀನಿ, ಬೆನ್ನಿಗೆ ಪಟ್ಟಿ ಕಟ್ಕೊಂಡಿರ್ಬೇಕು. ಆಮೇಲೆ..." ಅವರು ನನ್ನ ಮುಖ ನೋಡಿದರು. "ಮಗೂನ ಎತ್ತೋ ಹಾಗಿಲ್ಲ."

"ಎಷ್ಟು ದಿನ?"

"ದಿನ ಅಲ್ಲಮ್ಮ, ತಿಂಗಳುಗಟ್ಟಲೆ. ಮೂಳೆ ಗಟ್ಟಿ ಆಗೋವರೆಗೂ. ಈಗ ಎತ್ತಿದ್ರೆ ಇನ್ನೊಂದು ಮಣಿ ಹೋಗುತ್ತೆ, ಆಮೇಲೆ ಜೀವನಪೂರ್ತಿ ಎತ್ತೋಕಾಗಲ್ಲ."

ನನಗೆ ಮೂಳೆಯ ಚಿಂತೆ ಆಗಲಿಲ್ಲ. ನಿಜವಾಗಿ ಹೇಳುತ್ತೇನೆ, ಗಿಡ್ಡ ಆದದ್ದೂ ಅಲ್ಲಿಗೇ ಮರೆತುಹೋಯಿತು. ನನಗಿದ್ದದ್ದು ಒಂದೇ ಭಯ: ಅಷ್ಟರಲ್ಲಿ ಗುಂಡಿ ನನ್ನ ಕೈಯನ್ನು ಮರೆತುಬಿಡುತ್ತಾಳೆ. ಐದು ತಿಂಗಳ ಕೂಸಿಗೆ ಏನು ನೆನಪಿರುತ್ತದೆ? ಯಾರು ಎತ್ತಿಕೊಳ್ಳುತ್ತಾರೋ ಅವರೇ ಅದಕ್ಕೆ ತಾಯಿ.

ಮನೆಗೆ ಬಂದಾಗ ಸೊಂಟದಿಂದ ಕಂಕುಳವರೆಗೆ ಗಟ್ಟಿ ಪಟ್ಟಿ ಬಿಗಿದಿದ್ದರು. ಅತ್ತೆ ಬಾಗಿಲಲ್ಲೇ ಗುಂಡಿಯನ್ನು ಎತ್ತಿಕೊಂಡು ನಿಂತಿದ್ದರು. ಅವಳು ನನ್ನನ್ನು ಕಂಡು ಕಾಲು ಬಡಿದಳು, ಎರಡೂ ಕೈ ಚಾಚಿದಳು. ನಾನು ಕೈ ಕೆಳಗೆ ಬಿಟ್ಟುಕೊಂಡು ನಿಂತೆ. ಅವಳ ಮುಖ ಸಣ್ಣಗಾಗಿ, ತುಟಿ ನಡುಗಿ, ಅಳು ಶುರುವಾಯಿತು. ಅತ್ತೆ ಅವಳನ್ನು ತಿರುಗಿಸಿಕೊಂಡು ಒಳಗೆ ಹೋದರು. ನಾನು ಚಪ್ಪಲಿ ಬಿಡಲೂ ಬಗ್ಗಲಾರದೆ ಅಲ್ಲೇ ನಿಂತಿದ್ದೆ.

ನಾನು ಆಸ್ಪತ್ರೆಯಲ್ಲಿದ್ದಾಗಲೇ ಬಾಟಲಿ ಹಾಲನ್ನು ಗುಂಡಿ ಒಂದೇ ದಿನದಲ್ಲಿ ಕಲಿತಿದ್ದಳು. ಒಂದು ದಿನವಾದರೂ ಹಟ ಮಾಡಬಾರದಿತ್ತೇ ಈ ಹುಡುಗಿ? ನನಗಾಗಿ ಒಂದು ಹೊತ್ತು ಉಪವಾಸ ಕೂರಬಾರದಿತ್ತೇ? ಅತ್ತೆಯ ಮಡಿಲಲ್ಲಿ ಗಟಗಟ ಕುಡಿದು ತೇಗಿದಳು. "ಬಂಗಾರದಂಥ ಮಗು, ಯಾವ ರಗಳೇನೂ ಇಲ್ಲ" ಎಂದು ಅತ್ತೆ ನನಗೆ ಸಮಾಧಾನವಾಗಲಿ ಎಂದೇ ಹೇಳಿದರು. ನನ್ನ ಎದೆಯಲ್ಲಿ ಹಾಲು ಕಲ್ಲುಕಟ್ಟಿ ಜ್ವರ ಬಂದಿತ್ತು. ಒಂದು ವಾರಕ್ಕೆ ಅದೂ ಇಳಿಯಿತು. ಆಮೇಲೆ ಆ ಮನೆಯಲ್ಲಿ ನನ್ನಿಂದ ಮಗುವಿಗೆ ಆಗಬೇಕಾದ ಕೆಲಸ ಒಂದೂ ಉಳಿಯಲಿಲ್ಲ.

ಸುಖ ಅಂದರೆ ನಿನ್ನದು ಕಣೇ ಎಂದಳು ಕೆಳಮನೆಯಾಕೆ. ಎತ್ತುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ರಾಣಿ ಹಾಗೆ ಕೂತ್ಕೊಂಡಿರೋದು. ಹೌದು ತಾಯಿ, ರಾಣಿಯೇ. ಕಿಟಕಿಯ ಪಕ್ಕದ ಗಟ್ಟಿ ಕುರ್ಚಿಯೇ ಸಿಂಹಾಸನ. ಅಲ್ಲಿ ಕೂತರೆ ಎದುರಿನ ಮನೆಯ ಒಣಹಾಕಿದ ಬಟ್ಟೆ ಕಾಣುತ್ತಿತ್ತು, ಬಸ್ಸು ನಿಲ್ಲುವುದು ಹೊರಡುವುದು ಕಾಣುತ್ತಿತ್ತು. ಪಕ್ಕದ ಕೋಣೆಯಿಂದ ಅತ್ತೆ ಗುಂಡಿಯ ಜೊತೆ ಆಡುವ ಮಾತು ಕೇಳುತ್ತಿತ್ತು. ಅವಳು ಕೇಕೆ ಹಾಕಿ ನಕ್ಕಾಗಲೆಲ್ಲ ಏನು ಕಂಡು ನಕ್ಕಳು ಎಂದು ತಿಳಿಯಬೇಕೆನ್ನಿಸುತ್ತಿತ್ತು. ಕುರ್ಚಿಯ ಕೈ ಹಿಡಿದು, ಎದ್ದು, ಗೋಡೆ ಹಿಡಿದು ಅಲ್ಲಿಗೆ ಹೋಗುವಷ್ಟರಲ್ಲಿ ನಗು ಮುಗಿದಿರುತ್ತಿತ್ತು.

ಒಂದು ದಿನ ಮಾಸ್ಟ್ರು ಹಣ್ಣು ತೆಗೆದುಕೊಂಡು ಬಂದರು. ಒಂದು ಕಿತ್ತಳೆ ಸುಲಿದು ನನ್ನ ಕೈಗಿಟ್ಟರು. "ನಾನೂ ನೋಡಿದ್ನಲ್ಲ ಸೂಜಿ. ಮೂರು ಥರದ ಬಟ್ಟೆ. ನನ್ನ ತಲೇಲಿ ಏನು ಮಣ್ಣಿತ್ತು?" ಎಂದರು.

"ಬಿಡಿ ಮಾಸ್ಟ್ರೇ. ನೀವು ನನ್ನ ಮುಖ ನೋಡಿ ಗಿಡ್ಡ ಆಗಿದ್ದೀಯ ಅಂದಿದ್ರೆ ಕತ್ತರಿ ಬೀಸಿ ಒಗೀತಿದ್ದೆ."

"ಆ ಪ್ಯಾಂಟಿನ ಅಂಚು ಬಿಡಿಸಿ ಕೊಡ್ಲಾ?"

"ಬೇಡ. ಎತ್ತರ ವಾಪಸ್ ಬರಲ್ವಂತೆ. ಈಗ ಸರಿಯಾಗಿಯೇ ಇದೆ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಅದು ಅವರ ಹಣೆಯ ಮೇಲೆ ಇಲ್ಲದೆ ಕೈಯಲ್ಲಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನೆಲಕ್ಕೆ ಇಳಿಯುವುದನ್ನು ನಾನು ಅಭ್ಯಾಸ ಮಾಡಿದೆ. ಮಂಚದ ಕಾಲು ಹಿಡಿದು, ಒಂದು ಮಂಡಿ ಊರಿ, ಇನ್ನೊಂದು ಊರಿ, ಪಕ್ಕಕ್ಕೆ ಉರುಳಿ, ಚಾಪೆಯ ಮೇಲೆ ಗುಂಡಿಯ ಪಕ್ಕ ಮಲಗುತ್ತಿದ್ದೆ. ಅವಳು ನನ್ನ ಪಟ್ಟಿಯ ಮೇಲೆ ಬಾಗಿಲು ತಟ್ಟಿದ ಹಾಗೆ ತಟ್ಟುತ್ತಿದ್ದಳು. ನಾನು ಅವಳ ಕಿವಿಯಲ್ಲಿ ಏನೇನೋ ಹೇಳುತ್ತಿದ್ದೆ. ಒಳ್ಳೆಯ ಹೊತ್ತು ಅದು. ಆದರೆ ಅಷ್ಟರಲ್ಲಿ ಅತ್ತೆಯ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಸಾಕು, ಗುಂಡಿ ನನ್ನನ್ನು ಬಿಟ್ಟು ಬಾಗಿಲ ಕಡೆ ಅಂಬೆಗಾಲಿಕ್ಕಿ ಓಡುತ್ತಿದ್ದಳು. ನಾನು ನೆಲದಿಂದ ಏಳಲು ಮಂಚದ ಕಾಲು ಹುಡುಕುತ್ತಿದ್ದೆ.

ಯಜಮಾನರಿಗೆ ಹೇಳಿಕೊಂಡೆ. "ಅಮ್ಮ ಇದ್ದಾರಲ್ಲ, ನಿಂಗೇನು ಚಿಂತೆ?" ಎಂದರು.

"ಅಮ್ಮ ಇದ್ದಾರೆ ಅನ್ನೋದೇ ನನ್ನ ಚಿಂತೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು ಕಾದೆ. ಮಾತು ಅಷ್ಟು ದೂರ ಹೋಗಬೇಕಲ್ಲ. ಆಮೇಲೆ, "ಹಾಗಂದ್ರೇನು? ಅಮ್ಮನ ಜೊತೆ ಜಗಳ ಆಯ್ತಾ?" ಎಂದರು. ನಾನು ಇಲ್ಲ ಎಂದೆ. ನಿಜವಾಗಿಯೂ ಆಗಿರಲಿಲ್ಲ. ಜಗಳವಾಡುವುದಕ್ಕೆ ಅವರು ಮಾಡಿದ ತಪ್ಪಾದರೂ ಏನು? ಅರವತ್ತು ದಾಟಿದ ಹೆಂಗಸು ಮಗುವನ್ನು ಹೊತ್ತು, ನನಗೆ ಕಾಲುಚೀಲ ಹಾಕಿ, ಅಡುಗೆ ಮಾಡಿ, ಸಂಜೆ ತಮ್ಮ ಮಂಡಿಗೆ ತಾವೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವರ ಮೇಲೆ ಹೊಟ್ಟೆಕಿಚ್ಚು ಪಡುವವಳು ಮನುಷ್ಯಳೇ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಹೊಟ್ಟೆಕಿಚ್ಚು ಪಟ್ಟೆ.

ಪಟ್ಟಿ ತೆಗೆದ ಮೇಲೆ ವ್ಯಾಯಾಮ ಹೇಳಿಕೊಟ್ಟರು. ಮತ್ತೆ ಅಂಗಡಿಗೆ ಹೋಗತೊಡಗಿದೆ. ಎಷ್ಟು ಭಾರ ಎತ್ತಬಹುದು ಎಂಬುದನ್ನು ಡಾಕ್ಟರು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋದರು. ಮಾಸ್ಟ್ರು ಕೋಟಿನ ಒಳಪದರಕ್ಕೆ ಹಾಕುವ ಅಸ್ತರಿನ ಥಾನನ್ನು ಅಷ್ಟೇ ತೂಗಿ ಸುತ್ತಿ ಕಟ್ಟಿಕೊಡುತ್ತಿದ್ದರು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಗೊತ್ತಿಲ್ಲದೆ ನಡುವೆ ಅದರ ಬೆನ್ನು ತಟ್ಟಿಬಿಟ್ಟೆ ಒಂದು ಸಲ.

"ಹಾಲು ಕುಡೀತಾ ಅದು?" ಎಂದರು ಮಾಸ್ಟ್ರು ಯಂತ್ರದಿಂದ ತಲೆ ಎತ್ತದೆ.

"ಬಾಯ್ಮುಚ್ಚಿ, ಈಗ ತಾನೇ ಮಲಗಿದೆ" ಎಂದೆ.

ಗುಂಡಿಗೆ ಹನ್ನೊಂದು ತಿಂಗಳಾದಾಗ ಅತ್ತೆ ಅವಳಿಗೆ ಮಾತು ಕಲಿಸುವ ಹಟಕ್ಕೆ ಬಿದ್ದರು. ನನ್ನನ್ನು ಎದುರಿಗೆ ಕೂರಿಸಿ, ಅವಳ ಬೆರಳು ಹಿಡಿದು ನನ್ನ ಮೂಗಿಗೆ ಮುಟ್ಟಿಸಿ, "ಅಮ್ಮ. ಅಮ್ಮ ನೋಡು. ಅನ್ನು, ಅಮ್ಮ" ಎನ್ನುತ್ತಿದ್ದರು. ಗುಂಡಿ ನನ್ನ ಮುಖವನ್ನು ಪರೀಕ್ಷೆ ಮಾಡುವವಳ ಹಾಗೆ ನೋಡುತ್ತಿದ್ದಳು. ಒಂದು ಬುಧವಾರವೂ ಹಾಗೆಯೇ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ, ಅತ್ತೆಯ ಗದ್ದವನ್ನು ಎರಡೂ ಕೈಯಲ್ಲಿ ಹಿಡಿದು, ಸ್ಪಷ್ಟವಾಗಿ "ಅಮ್ಮ" ಎಂದಳು.

ಅತ್ತೆ ಬೆಂಕಿ ಮುಟ್ಟಿದವರಂತೆ ಮುಖ ಹಿಂದೆಗೆದರು. "ಅಯ್ಯೋ ಪೆದ್ದಿ, ನಾನು ಅಜ್ಜಿ ಕಣೇ! ಅಜ್ಜಿ! ಅಮ್ಮ ಅಲ್ಲಿ!" ಎಂದರು. ಗುಂಡಿಗೆ ಅವರ ಗಾಬರಿ ಆಟದ ಹಾಗೆ ಕಂಡಿತು. "ಅಮ್ಮ, ಅಮ್ಮ" ಎಂದು ಅವರ ಕೆನ್ನೆ ತಟ್ಟಿ ನಕ್ಕಳು. ನಾನೂ ನಕ್ಕೆ. ನಕ್ಕು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತ ನಿಂತೆ. ಹೊರಗೆ ಬಂದಾಗ ಅತ್ತೆಯ ಕಣ್ಣೂ ಕೆಂಪಗಿತ್ತು. ಆ ದಿನ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಅದಾದ ಮೂರನೇ ದಿನ ಸ್ಕ್ಯಾನಿಗೆ ಹೋಗಿದ್ದೆ. ಡಾಕ್ಟರು ನೋಡಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು. "ಚೆನ್ನಾಗಿ ತುಂಬ್ಕೊಂಡಿದೆ. ಇನ್ನು ಎತ್ಕೊಳ್ಳಿ. ಸೊಂಟ ಬಗ್ಗಿಸ್ಬೇಡಿ, ಮಂಡಿ ಬಗ್ಗಿಸಿ, ಮೈಗೆ ಒತ್ಕೊಂಡು ಎತ್ತಿ" ಎಂದರು. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ನಡೆದೇ ಬಂದೆ. ಮೂರು ಮಹಡಿಯನ್ನು ಎಲ್ಲೂ ನಿಲ್ಲದೆ ಹತ್ತಿದೆ.

ಬಾಗಿಲು ತೆರೆದ ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಗುಂಡಿ ಅವರ ಕಂಕುಳಲ್ಲಿದ್ದಳು.

"ಎತ್ತಬಹುದಂತಾ?"

"ಹೂಂ ಅತ್ತೆ."

ಅವರು ಗುಂಡಿಯನ್ನು ನೆಲಕ್ಕೆ ಇಳಿಸಲು ಹೋದರು. ಅವಳು ಕುತ್ತಿಗೆಗೆ ಜೋತು ಬಿದ್ದಳು. ಅತ್ತೆ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಕೂರಿಸಿದರು, ಗೂಟದಲ್ಲಿದ್ದ ಚೀಲ ತೆಗೆದುಕೊಂಡರು. "ಬ್ರೆಡ್ ತರ್ತೀನಿ" ಎಂದರು.

"ಬ್ರೆಡ್ ಇದೆಯಲ್ಲ ಅತ್ತೆ. ನಿನ್ನೆ ತಾನೇ ತಂದಿದ್ದೀರಿ."

"ಇರ್ಲಿ, ಇನ್ನೊಂದು ತರ್ತೀನಿ." ಚಪ್ಪಲಿ ಹಾಕಿಕೊಳ್ಳುತ್ತ ನನ್ನ ಕಡೆ ನೋಡದೆ ಹೇಳಿದರು. "ನಾನಿದ್ರೆ ಅವಳು ನಿನ್ನ ಹತ್ರ ಬರಲ್ಲ ಕಣೇ. ಅಳ್ಲಿ ಸ್ವಲ್ಪ ಹೊತ್ತು. ಅತ್ರೆ ಏನೂ ಆಗಲ್ಲ." ಪರ್ಸು ಮೇಜಿನ ಮೇಲೇ ಬಿಟ್ಟು, ಬಾಗಿಲು ಎಳೆದುಕೊಂಡು ಹೋದರು.

ಗುಂಡಿ ಬಾಗಿಲ ಹತ್ತಿರ ಹೋಗಿ ಅದಕ್ಕೆ ಅಂಗೈ ಬಡಿದಳು. ಆಮೇಲೆ ಹೊಟ್ಟೆಯೊಳಗಿನಿಂದ ಅಳು ಎತ್ತಿದಳು. ನಾನು ಅವಳ ಹಿಂದೆ ಹೋಗಿ, ಮಂಡಿ ಬಗ್ಗಿಸಿ, ಕಂಕುಳಿಗೆ ಕೈ ಹಾಕಿ, ಮೈಗೆ ಒತ್ತಿಕೊಂಡು ಎದ್ದೆ. ನೋವಿಗಾಗಿ ಕಾದೆ. ನೋವು ಬರಲಿಲ್ಲ. ಅವಳು ಎಷ್ಟು ಭಾರವಾಗಿದ್ದಳು! ಥಾನು ಸುಮ್ಮನೆ ಇರುತ್ತಿತ್ತು. ಇವಳು ಕಾಲು ಒದ್ದಳು, ನನ್ನ ಎದೆಗೆ ಎರಡೂ ಕೈ ಕೊಟ್ಟು ತಳ್ಳಿದಳು, ಬಾಗಿಲಿನ ಕಡೆ ಇಡೀ ಮೈ ಬಗ್ಗಿಸಿ, "ಅಮ್ಮಾ, ಅಮ್ಮಾ" ಎಂದು ಕಿರುಚಿದಳು. "ನಾನೇ ಕಣೇ, ಇಲ್ಲೇ ಇದ್ದೀನಿ ನೋಡೇ" ಎಂದೆ. ಹಾಡಿದೆ. ಕಿಟಕಿಗೆ ಕರೆದುಕೊಂಡು ಹೋಗಿ ಬಸ್ಸು ತೋರಿಸಿದೆ. ಅವಳ ಮುಖ ಕೆಂಪಾಗಿ ನೀಲಿಗಟ್ಟುತ್ತ ಬಂತು, ಉಸಿರು ಸಿಕ್ಕಿಕೊಳ್ಳತೊಡಗಿತು. ನನ್ನ ಬೆನ್ನು ಗಟ್ಟಿಯಾಗಿಯೇ ಇತ್ತು. ನಾನು ಇಷ್ಟು ತಿಂಗಳು ಕಾದದ್ದು ಇದಕ್ಕೇ, ಆದರೆ ಅವಳು ಇದಕ್ಕೆ ಕಾದಿರಲಿಲ್ಲ.

ಬಾಗಿಲ ಹತ್ತಿರ ವಾಪಸ್ ಬಂದು ನಿಂತೆ. ಅವಳ ಒದ್ದೆ ಕೆನ್ನೆಗೆ ಕೆನ್ನೆ ಇಟ್ಟೆ.

"ಬರ್ತಾರೆ ಕಣೇ" ಎಂದೆ. "ಅಳ್ಬೇಡ. ಅಮ್ಮ ಬ್ರೆಡ್ ತರೋಕೆ ಹೋಗಿದ್ದಾರೆ. ಅಮ್ಮ ಈಗ ಬರ್ತಾರೆ."

ಗುಂಡಿ ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ಬಿಕ್ಕಿದಳು. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು, ಬಾಗಿಲನ್ನೇ ನೋಡುತ್ತ ಸುಮ್ಮನಾದಳು. ನಾನೂ ಅವಳ ಬೆನ್ನು ತಟ್ಟುತ್ತ, ಬಾಗಿಲನ್ನೇ ನೋಡುತ್ತ ನಿಂತೆ.